ಸಿಹಿ ಹೆಸರಿನ ನಶೆ: ‘ಜೆಲಾಟೊ’, ‘ಕೇಕ್’, ‘ಕುಕೀಸ್’ ಎಂದರೇನು?

ಮಗ ಫೋನಿನಲ್ಲಿ ಗೆಳೆಯನೊಂದಿಗೆ ‘ಜೆಲಾಟೊ’, ‘ವೆಡ್ಡಿಂಗ್ ಕೇಕ್’, ‘ಕುಕೀಸ್’ ಎಂದು ಮಾತನಾಡುತ್ತಿದ್ದರೆ ತಂದೆತಾಯಿ ಅದನ್ನು ಬೇಕರಿ ತಿಂಡಿ ಎಂದೇ ತಿಳಿಯುತ್ತಾರೆ. ಇವು ಗಾಂಜಾ ತಳಿಗಳ ಹೆಸರುಗಳೂ ಹೌದು. ಜೆಲಾಟೊ ಎಂಬುದು ಇಟಲಿಯ ಐಸ್‌ಕ್ರೀಮ್. ಆ ಹೆಸರಿನ ಗಾಂಜಾವನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡು ತಳಿಗಳನ್ನು ಬೆರೆಸಿ ಬೆಳೆಸಿದರು. ಹೀಗೆ ಬೆರೆಸಿದ ತಳಿಗೆ ‘ಹೈಬ್ರಿಡ್’ ಎನ್ನುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ನಮ್ಮ ಮಕ್ಕಳು ದಿನವೂ ಓದಲು, ದುಡಿಯಲು ಬೆಂಗಳೂರಿಗೆ ಹೋಗಿಬರುತ್ತಾರೆ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆದ ಬಳಿಕ, ಅಲ್ಲಿಂದ ಬಂದ ಪ್ರಯಾಣಿಕರ ಸಾಮಾನಿನಲ್ಲಿ ‘ಹೈಡ್ರೋಪೋನಿಕ್ ಗಾಂಜಾ’ ಸಿಕ್ಕಿಬಿದ್ದ ಸುದ್ದಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮತ್ತೆ ಮತ್ತೆ ಬರುತ್ತಿದೆ. ಹೈಡ್ರೋಪೋನಿಕ್ ಎಂದರೆ ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆಸಿದ್ದು.

ಸಿಹಿ ವಾಸನೆ ಎಲ್ಲಿಂದ?

ಈ ತಳಿಗಳಲ್ಲಿ ಸಕ್ಕರೆ ಇಲ್ಲ. ಹೂವಿನ ಮೇಲಿನ ಅಂಟಿನಲ್ಲಿ ಟರ್ಪೀನ್ ಎಂಬ ಸುವಾಸನೆಯ ತೈಲಗಳಿವೆ. ಇವು ನಿಮ್ಮ ಅಡುಗೆಮನೆಯಲ್ಲೂ ಇವೆ: ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೊನೀನ್, ಕೊತ್ತಂಬರಿ ಬೀಜದ ಲಿನಲೂಲ್, ಮೆಣಸು ಮತ್ತು ಲವಂಗದ ಕ್ಯಾರಿಯೋಫಿಲೀನ್. ನಶೆ ಕೊಡುವುದು ಇವಲ್ಲ, ಟಿಎಚ್‌ಸಿ ಎಂಬ ಬೇರೆಯೇ ವಸ್ತು. ಸುವಾಸನೆ ಮಾಡುವ ಕೆಲಸ ಒಂದೇ: ಹೊಗೆಯ ಬಗ್ಗೆ ಹೊಸಬನಿಗಿರುವ ಅಂಜಿಕೆಯನ್ನು ಕಳೆಯುವುದು. ವಾಸನೆ ಹಿತವಾಗಿದ್ದರೆ ವಸ್ತುವೂ ಹಿತವೆಂದು ಮನಸ್ಸು ನಂಬಿಬಿಡುತ್ತದೆ.

‘ಹೈಬ್ರಿಡ್ ಆದ್ದರಿಂದ ಮಿತವಾಗಿರುತ್ತದೆ, ಒಂದು ತಳಿ ನಿದ್ದೆ ತರುತ್ತದೆ, ಇನ್ನೊಂದು ಚುರುಕು ತರುತ್ತದೆ’ ಎಂಬ ಮಾತನ್ನೂ ನಂಬಬೇಡಿ. ಹೆಸರಿಗೂ ಒಳಗಿನ ರಾಸಾಯನಿಕಕ್ಕೂ ಸರಿಯಾದ ಹೊಂದಾಣಿಕೆ ಇಲ್ಲ. ಕಳ್ಳದಾರಿಯಲ್ಲಿ ಬಂದ ಪೊಟ್ಟಣದಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಹಳೆಯ ಗಾಂಜಾ ಅಲ್ಲ ಇದು

ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಸರಾಸರಿ ಶೇ. 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ. 12ರಷ್ಟಾಗಿತ್ತು. ಸಿಹಿ ಹೆಸರಿನ ಹೊಸ ತಳಿಗಳಲ್ಲಿ ಶೇ. 20 ಮತ್ತು ಅದಕ್ಕಿಂತ ಹೆಚ್ಚು ಎಂದು ಹೇಳಿಯೇ ಮಾರುತ್ತಾರೆ. ‘ನಮ್ಮ ಊರಿನ ಹಿರಿಯರೊಬ್ಬರು ಸೇದುತ್ತಿದ್ದರು, ಏನೂ ಆಗಲಿಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯದು.

2019ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂದ ಯುರೋಪಿನ ಅಧ್ಯಯನದ ಪ್ರಕಾರ, ಶೇ. 10ಕ್ಕಿಂತ ಹೆಚ್ಚು ಟಿಎಚ್‌ಸಿ ಇರುವ ಗಾಂಜಾವನ್ನು ದಿನವೂ ಸೇದುವವರಲ್ಲಿ ಚಿತ್ತವಿಕಲತೆಯ ಸಾಧ್ಯತೆ ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಇಲ್ಲದ ದನಿ ಕೇಳುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಭಯ, ಇವು ಅದರ ಲಕ್ಷಣಗಳು. ಇದನ್ನು ಜಿನ್ನ್ ಬಾಧೆ ಎಂದು ತಾಯಿತ ಕಟ್ಟಿಸುತ್ತಾ ತಿಂಗಳು ಕಳೆಯಬೇಡಿ. ದುಆ ಮಾಡಿ, ಜೊತೆಗೆ ಮನೋವೈದ್ಯರ ಬಳಿಗೂ ಕರೆದೊಯ್ಯಿರಿ. ಮೆದುಳಿನ ಬೆಳವಣಿಗೆ 25ರ ವಯಸ್ಸಿನವರೆಗೂ ನಡೆಯುವುದರಿಂದ ಹದಿಹರೆಯದವರಿಗೆ ಹಾನಿ ಹೆಚ್ಚು. ಗರ್ಭಿಣಿ ಸೇವಿಸಿದರೆ ಮಗುವಿನ ತೂಕ ಕಡಿಮೆಯಾಗಬಹುದು. ಎದೆಹಾಲಿನಲ್ಲೂ ಟಿಎಚ್‌ಸಿ ಹರಿಯುತ್ತದೆ.

ಚಾಕೊಲೇಟ್ ರೂಪದಲ್ಲಿ

2023ರ ಜುಲೈಯಲ್ಲಿ ಮಂಗಳೂರು ಪೊಲೀಸರು ಅಂಗಡಿಗಳಿಂದ ಭಂಗಿ ಬೆರೆಸಿದ ಚಾಕೊಲೇಟ್‌ಗಳನ್ನು ವಶಪಡಿಸಿಕೊಂಡದ್ದು ನಿಮಗೆ ನೆನಪಿರಬಹುದು. ತಿಂದ ನಶೆ ಸೇದಿದ್ದಕ್ಕಿಂತ ಮೋಸದ್ದು. ಸೇದಿದರೆ ಕೆಲವೇ ನಿಮಿಷಗಳಲ್ಲಿ ಏರುತ್ತದೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ‘ಏನೂ ಆಗಲಿಲ್ಲ’ ಎಂದು ಇನ್ನೊಂದು ತಿಂದವನಿಗೆ ಎರಡೂ ಒಟ್ಟಿಗೆ ಏರುತ್ತವೆ. ಯಕೃತ್ತು ಟಿಎಚ್‌ಸಿಯನ್ನು ಇನ್ನೂ ಪ್ರಬಲವಾದ ರೂಪಕ್ಕೆ ಬದಲಿಸುವುದರಿಂದ ಅಮಲು ಬಹಳ ಗಂಟೆ ಇಳಿಯುವುದಿಲ್ಲ. ಪುಟ್ಟ ಮಗು ಇಂಥದ್ದನ್ನು ತಿಂದು ತೂಕಡಿಸಿದರೆ, ನಡಿಗೆ ತಪ್ಪಿದರೆ, ಉಸಿರು ನಿಧಾನವಾದರೆ ಮಜ್ಜಿಗೆ, ನಿಂಬೆರಸ ಕುಡಿಸುತ್ತಾ ಕೂರಬೇಡಿ. ಪೊಟ್ಟಣವನ್ನು ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ.

ಯುನಾನಿಯಲ್ಲಿ ಇದೆಯಲ್ಲವೇ?

ಇದೆ. ನಮ್ಮ ಗ್ರಂಥಗಳು ಇದನ್ನು ‘ಕಿನ್ನಬ್’ ಎನ್ನುತ್ತವೆ. 13ನೇ ಶತಮಾನದ ಹಕೀಮ್ ಇಬ್ನುಲ್ ಬೈತಾರ್ ಈಜಿಪ್ಟಿನಲ್ಲಿ ಜನರು ಇದನ್ನು ತಿಂದು ಬುದ್ಧಿ ಕೆಡಿಸಿಕೊಳ್ಳುವುದನ್ನೂ ದಾಖಲಿಸಿದ್ದಾರೆ. ಹಕೀಮರು ಇದನ್ನು ವಿಷದ್ರವ್ಯವೆಂದೇ ಕಂಡು ಶುದ್ಧಿ, ಅಳತೆ, ರೋಗ ನೋಡಿ ಬಳಸಿದರು. ಇಂದಿನ ಔಷಧ ನಿಯಮಗಳಲ್ಲೂ ಇದು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಆದ್ದರಿಂದ ‘ಯುನಾನಿ ಮಾಜೂನ್’ ಎಂದು ಹೇಳಿ ಬೀದಿಯಲ್ಲಿ ಕೊಡುವ ಉಂಡೆಯನ್ನು ಔಷಧವೆಂದು ತಿಳಿಯಬೇಡಿ.

‘ಕುರ್‌ಆನ್‌ನಲ್ಲಿ ಮದ್ಯ ಎಂದಿದೆ, ಗಿಡ ಎಂದಿಲ್ಲ’ ಎಂದು ವಾದಿಸುವ ಹುಡುಗರಿದ್ದಾರೆ. ಮತ್ತೇರಿಸುವುದೆಲ್ಲವೂ ಮದ್ಯದ ಸಾಲಿಗೇ ಸೇರಿದ್ದು, ಹೆಚ್ಚು ಸೇವಿಸಿದಾಗ ಮತ್ತೇರಿಸುವುದರ ಸ್ವಲ್ಪವೂ ನಿಷಿದ್ಧ ಎಂಬುದು ಪ್ರವಾದಿ(ಸ)ರ ಬೋಧನೆ. ಇಮಾಮ್ ಇಬ್ನು ತೈಮಿಯ್ಯಾ ಹಶೀಶ್ ಹರಾಮ್ ಎಂದು ಸ್ಪಷ್ಟವಾಗಿ ಹೇಳಿದರು. ಇಮಾಮ್ ಝರ್ಕಶೀ ಇದರ ಮೇಲೆಯೇ ಒಂದು ಗ್ರಂಥ ಬರೆದರು. ಹೆಸರು ಐಸ್‌ಕ್ರೀಮ್ ಆದರೂ ಹುಕುಮ್ ಬದಲಾಗದು.

ಮನೆಯಲ್ಲಿ ಏನು ನೋಡಬೇಕು? ಏನು ಮಾಡಬೇಕು?

ಕೆಂಪು ಕಣ್ಣು, ಒಣಗಿದ ಬಾಯಿ, ಹೊತ್ತಲ್ಲದ ಹೊತ್ತಿನಲ್ಲಿ ಹಸಿವು, ಪದೇ ಪದೇ ಕಣ್ಣಿನ ಹನಿಮದ್ದು, ಸುತ್ತುವ ತೆಳು ಕಾಗದ, ಓದಿನಲ್ಲಿ ಹಿಂಜರಿತ, ಲೆಕ್ಕ ಸಿಗದ ಹಣ. ಒಂದೇ ಗುರುತು ಕಂಡು ಆರೋಪ ಹೊರಿಸಬೇಡಿ. ಹಲವು ಒಟ್ಟಿಗೆ ಕಂಡರೆ ಕೂರಿಸಿ ಮಾತನಾಡಿ. ಹೊಡೆದು ಮನೆಯಿಂದ ಹೊರಹಾಕಿದರೆ ಅವನಿಗೆ ಉಳಿಯುವುದು ಮಾರುವವನ ಮನೆಯೊಂದೇ.

ಬಿಟ್ಟ ಮೊದಲ ಒಂದೆರಡು ವಾರ ನಿದ್ದೆ ಬಾರದು, ಸಿಟ್ಟು ಹೆಚ್ಚು, ಊಟ ಸೇರದು. ಇದು ತಾನಾಗಿ ಇಳಿಯುತ್ತದೆ. ಹಗುರ ಊಟ, ಬಾರ್ಲಿ ನೀರು, ರಾತ್ರಿ ತಲೆಗೆ ಬಾದಾಮಿ ಎಣ್ಣೆ, ಫಜ್ರ್‌ಗೆ ಏಳಿಸುವುದು, ಇವು ನೆರವಾಗುತ್ತವೆ. ಆದರೆ ಇವೇ ಚಿಕಿತ್ಸೆಯಲ್ಲ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ-ಮಾನಸ್ 14416.

ಕಾನೂನಿನ ಭಯದಿಂದ ಆಸ್ಪತ್ರೆಗೆ ಹೋಗದಿರಬೇಡಿ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಒಂದು ಕಿಲೋವರೆಗಿನ ‘ಸಣ್ಣ ಪ್ರಮಾಣ’ದ ಗಾಂಜಾಕ್ಕೂ ಒಂದು ವರ್ಷದವರೆಗೆ ಜೈಲು ಇದೆ, ನಿಜ. ಆದರೆ ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಂ ಕೂಡ ಅದೇ ಕಾಯ್ದೆಯಲ್ಲಿದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಆದ್ದರಿಂದ ಮಗನ ಜೊತೆ ಕೊನೆಯವರೆಗೂ ನೀವೂ ಆಸ್ಪತ್ರೆಗೆ ಹೋಗಿಬನ್ನಿ.