ಒಂದು ಗಣಕಯಂತ್ರ, ಹಲವು ಕೈಗಳು

ಉದ್ಯಮ ಸಂಸ್ಥೆಯೊಂದರ ಗಣಕ ಸಂಶೋಧನಾಲಯವೆಂದೊಡನೆ ಲಾಭದ ಸರಕನ್ನು ಸಿದ್ಧಪಡಿಸುವ ಕಾರ್ಯಾಗಾರವೆಂದು ಭಾವಿಸುವವರೇ ಹೆಚ್ಚು. ೨೦೦೫ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಸಂಶೋಧನಾಲಯದ ಕೆಲವು ಪ್ರಯತ್ನಗಳು ಶಿಕ್ಷಕರಾದ ನಮಗೆ ಬೇರೊಂದು ಕಾರಣದಿಂದ ಗಮನಾರ್ಹವಾಗಿವೆ. ಅವು ಹುಟ್ಟಿದ್ದು ತರಗತಿಯ ಕೊರತೆಗಳನ್ನು ಕಣ್ಣಾರೆ ಕಂಡ ಮೇಲೆ.

ಗ್ರಾಮೀಣ ಶಾಲೆಗಳಲ್ಲಿ ಒಂದೇ ಗಣಕಯಂತ್ರದ ಮುಂದೆ ಹಲವು ಮಕ್ಕಳು ಕುಳಿತಿರುತ್ತಿದ್ದರು. ಮೌಸ್ ಮಾತ್ರ ಗುಂಪಿನ ಮುಂದಾಳುವಿನ ಕೈಯಲ್ಲಿ. ಉಳಿದವರು ಬರಿಯ ಪ್ರೇಕ್ಷಕರು. ಉದಯ್ ಸಿಂಗ್ ಪವಾರ್, ಜೋಯೊಜೀತ್ ಪಾಲ್, ಕೆಂಟಾರೊ ಟೊಯಾಮ ಅವರು ಕಂಡುಕೊಂಡ ಪರಿಹಾರ ಸರಳವಾದುದು: ಒಂದು ಯಂತ್ರಕ್ಕೆ ಹಲವು ಮೌಸ್‌ಗಳು, ತೆರೆಯ ಮೇಲೆ ಪ್ರತಿಯೊಂದು ಮಗುವಿಗೂ ತನ್ನದೇ ಬಣ್ಣದ ಬಾಣ. ಇಂಗ್ಲಿಷ್ ಪದಗಳ ಕಲಿಕೆಯನ್ನು ಕುರಿತು ೨೦೦೭ರಲ್ಲಿ ಪ್ರಕಟವಾದ ಅವರ ಪರೀಕ್ಷೆಯ ಫಲ ಇನ್ನೂ ಸ್ವಾರಸ್ಯಕರ. ಮೊದಲು ಒತ್ತಿದವನಿಗೇ ಗೆಲುವು ಎಂದಾಗ ಬಾಲಕರು ಪದವನ್ನು ಬಿಟ್ಟು ಪೈಪೋಟಿಗಿಳಿದರು. ಎಲ್ಲರೂ ಸರಿಯುತ್ತರ ಒತ್ತಿದ ಹೊರತು ಮುಂದಿನ ಪ್ರಶ್ನೆಯಿಲ್ಲ ಎಂದಾಗಲಾದರೋ, ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಕೊಟ್ಟಷ್ಟೇ ಕಲಿಕೆಯಾಯಿತು. ಗುಂಪಿನಲ್ಲಿ ಪಾಠ ಹೇಳಿದವರಿಗೆ ಇದೇನೂ ಹೊಸತಲ್ಲವೆನ್ನಿ.

ಈಚೆಗೆ, ೨೦೨೩ರಲ್ಲಿ, ಶಿಕ್ಷಣ ಫೌಂಡೇಶನ್ ಜೊತೆಗೂಡಿ 'ಶಿಕ್ಷಾ ಕೋಪೈಲಟ್' ಎಂಬ ಸಾಧನವನ್ನು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಲಾಯಿತು. ಪಠ್ಯಕ್ರಮಕ್ಕೆ ಹೊಂದುವ ಪಾಠಯೋಜನೆಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅದು ಕೆಲವೇ ನಿಮಿಷಗಳಲ್ಲಿ ಬರೆದುಕೊಡುತ್ತದೆ. ಉಪಾಧ್ಯಾಯರ ರಾತ್ರಿಯ ಹೊತ್ತು ಉಳಿಯುತ್ತದೆಂಬುದು ಸಣ್ಣ ಮಾತಲ್ಲ. ಆದರೆ ಇಂಥ ಯಂತ್ರವು ತಪ್ಪನ್ನೂ ಅಷ್ಟೇ ನಿಸ್ಸಂಕೋಚವಾಗಿ ಬರೆಯಬಲ್ಲದು. ಆದುದರಿಂದ ಯೋಜನೆಯನ್ನು ಓದಿ, ತಿದ್ದಿ, ತನ್ನ ಮಕ್ಕಳಿಗೆ ಹೊಂದಿಸಿಕೊಳ್ಳುವ ಅಧಿಕಾರವನ್ನು ಶಿಕ್ಷಕನಲ್ಲಿಯೇ ಉಳಿಸಲಾಗಿದೆ.