ಜಾಲತಾಣದ ಹೆಸರು ಮತ್ತು ಶೋಧ ಫಲಿತಾಂಶ: ಅರ್ಜಿದಾರರಿಗೆ ಮಾಹಿತಿ

ಪಾಸ್‌ಪೋರ್ಟ್ ಮುಂತಾದ ಸೇವೆಗಳನ್ನು ಬಯಸುವ ಸಾರ್ವಜನಿಕರು ಸಾಮಾನ್ಯವಾಗಿ ಸೇವೆಯ ಹೆಸರನ್ನೇ ಶೋಧ ಯಂತ್ರದಲ್ಲಿ ನಮೂದಿಸುತ್ತಾರೆ. ಅದೇ ಪದಗಳನ್ನು ಡೊಮೈನ್ ಹೆಸರಿನಲ್ಲಿ ಸೇರಿಸಿಕೊಂಡ ಖಾಸಗಿ ಜಾಲತಾಣಗಳು ಫಲಿತಾಂಶಗಳ ಪಟ್ಟಿಯಲ್ಲಿ ಅಧಿಕೃತ ತಾಣಗಳಂತೆಯೇ ತೋರುವ ಸಂಭವವಿರುತ್ತದೆ.

ಹೆಸರಿನಲ್ಲಿ ಶೋಧಪದವಿದ್ದ ಮಾತ್ರಕ್ಕೆ ಕಳಪೆ ತಾಣಗಳಿಗೆ ದೊರೆಯುತ್ತಿದ್ದ ಮೇಲಿನ ಸ್ಥಾನವನ್ನು ತಗ್ಗಿಸಲು ಗೂಗಲ್ ಸಂಸ್ಥೆಯು 2012ರ ಸೆಪ್ಟೆಂಬರ್‌ನಲ್ಲಿ ಕ್ರಮ ಕೈಗೊಂಡಿತು. ಆದಾಗ್ಯೂ, ಹಣ ಪಾವತಿಸಿದ ಜಾಹೀರಾತುಗಳು ಪಟ್ಟಿಯ ಮೇಲ್ಭಾಗದಲ್ಲಿ ಪ್ರಕಟವಾಗಬಹುದು. ಆದ್ದರಿಂದ ಮೊದಲ ಸ್ಥಾನವು ಅಧಿಕೃತತೆಗೆ ಪುರಾವೆಯಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು:

1. 'ಜಿಓವಿ.ಇನ್' ಎಂದು ಕೊನೆಗೊಳ್ಳುವ ಡೊಮೈನ್ ಹೆಸರು ಭಾರತದಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಮೀಸಲಾಗಿದೆ. 'ಕಾಮ್', 'ಆರ್ಗ್' ಎಂದು ಕೊನೆಗೊಳ್ಳುವ ಹೆಸರುಗಳನ್ನು ಯಾರು ಬೇಕಾದರೂ ಶುಲ್ಕ ತೆತ್ತು ನೋಂದಾಯಿಸಬಹುದು.

2. ಹೆಸರಿನ ನಡುವೆ 'ಜಿಓವಿ' ಎಂದಿದ್ದು 'ಕಾಮ್' ಎಂದು ಕೊನೆಗೊಂಡರೆ ಅದು ಸರ್ಕಾರಕ್ಕೆ ಮೀಸಲಾದ ಹೆಸರಲ್ಲ.

3. ಪಾಸ್‌ಪೋರ್ಟ್ ಸೇವೆಯ ಅಧಿಕೃತ ತಾಣ 'ಪಾಸ್‌ಪೋರ್ಟ್‌ಇಂಡಿಯಾ.ಜಿಓವಿ.ಇನ್' ಆಗಿರುತ್ತದೆ. ವಿಳಾಸವನ್ನು ನೇರವಾಗಿ ನಮೂದಿಸುವುದು ಸೂಕ್ತ.

4. ಶುಲ್ಕ ಪಾವತಿಸುವ ಮತ್ತು ದಾಖಲೆಗಳನ್ನು ಸಲ್ಲಿಸುವ ಮುನ್ನ ಡೊಮೈನ್ ಹೆಸರಿನ ಕೊನೆಯ ಭಾಗವನ್ನು ಪರಿಶೀಲಿಸತಕ್ಕದ್ದು.

5. ನಕಲಿ ತಾಣದಲ್ಲಿ ಹಣ ಕಳೆದುಕೊಂಡವರು ವಿಳಂಬವಿಲ್ಲದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ನೀಡತಕ್ಕದ್ದು.