ಮಳೆ ಸಂಭವ ಶೇಕಡಾ 30: ಹಾಗೆಂದರೇನು?

ಮುನ್ಸೂಚನೆಯಲ್ಲಿ ‘ಮಳೆ ಸಂಭವ ಶೇ. 30’ ಎಂದಿದ್ದರೆ ಊರಿನ ಮೂರನೇ ಒಂದು ಭಾಗ ನೆನೆಯುತ್ತದೆ ಎಂದಾಗಲಿ, ದಿನದ ಮೂರನೇ ಒಂದು ಹೊತ್ತು ಮಳೆ ಹಿಡಿಯುತ್ತದೆ ಎಂದಾಗಲಿ ಅರ್ಥವಲ್ಲ. ಇಂಥದೇ ವಾತಾವರಣವಿರುವ ಹತ್ತು ದಿನಗಳಲ್ಲಿ ಸುಮಾರು ಮೂರು ದಿನ ಅಲ್ಲಿ ಮಳೆ ಬರಬಹುದು ಎಂಬ ಲೆಕ್ಕ ಅದು. ಆದ್ದರಿಂದ ಅಂದು ಮಳೆ ಬಂದ ಮಾತ್ರಕ್ಕೆ ಮುನ್ಸೂಚನೆ ಸುಳ್ಳಾಗುವುದಿಲ್ಲ. ಶೇ. 30 ಎಂದು ಹೇಳಿದ ಹಲವಾರು ದಿನಗಳನ್ನು ಒಟ್ಟಿಗೆ ನೋಡಿಯೇ ಅದನ್ನು ತೂಗಬೇಕು.

ಖಚಿತವಾಗಿ ಹೌದು ಅಥವಾ ಇಲ್ಲ ಎನ್ನಲಾಗದಿರುವುದಕ್ಕೆ ಕಾರಣ ಗಾಳಿಯ ಸ್ವಭಾವದಲ್ಲೇ ಇದೆ. ಗಣಕದ ಲೆಕ್ಕಕ್ಕೆ ಕೊಡುವ ಆರಂಭದ ಅಂಕಿಗಳು ಕೂದಲೆಳೆಯಷ್ಟು ಬದಲಾದರೂ ಕೆಲವು ದಿನಗಳ ನಂತರದ ಹವಾಮಾನ ಪೂರ್ತಿ ಬೇರೆಯಾಗುತ್ತದೆಂದು ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿದರು. ಹಾಗಾಗಿ ಈಗ ಅಂಕಿಗಳನ್ನು ಬೇಕೆಂದೇ ತುಸು ತುಸು ಬದಲಿಸಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಐವತ್ತು ಲೆಕ್ಕಗಳಲ್ಲಿ ಹದಿನೈದು ಮಳೆ ತೋರಿಸಿದರೆ ಸಂಭವ ಸುಮಾರು ಶೇ. 30.

ಈ ಅನಿಶ್ಚಿತತೆ ಎಲ್ಲ ಕಡೆ, ಎಲ್ಲ ಕಾಲದಲ್ಲೂ ಒಂದೇ ಅಲ್ಲ. ಜುಲೈನಲ್ಲಿ ಅರಬ್ಬಿ ಸಮುದ್ರದ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುವಾಗ ಆಗುಂಬೆಯಲ್ಲಿ ಮಳೆಯೆಂದು ಹೇಳುವುದು ಕಷ್ಟವಲ್ಲ. ಕಷ್ಟವಿರುವುದು ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ. ಮಧ್ಯಾಹ್ನದ ಕಾವಿಗೆ ಎದ್ದ ಒಂದೊಂದು ಮೋಡರಾಶಿಯ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಹೆಚ್ಚೆಂದರೆ ಗಂಟೆಯ ಆಸುಪಾಸು. ಬೆಂಗಳೂರಿನ ಯಲಹಂಕದಲ್ಲಿ ರಸ್ತೆ ಹೊಳೆಯಾಗಿ ಹರಿಯುವಾಗ ಜಯನಗರದಲ್ಲಿ ಬಿಸಿಲಿರುತ್ತದೆ. ಭಾರತೀಯ ಹವಾಮಾನ ಇಲಾಖೆ 2025ರ ಮೇನಲ್ಲಿ ಬಳಕೆಗೆ ತಂದ ಗಣಕ ಮಾದರಿ ಲೆಕ್ಕಕ್ಕಾಗಿ ನೆಲವನ್ನು ವಿಂಗಡಿಸುವ ಚೌಕಗಳೇ 6 ಕಿ.ಮೀ. ಅಗಲದವು. ಅಷ್ಟು ಸಣ್ಣ ಮೋಡ ಯಾವ ಬಡಾವಣೆಯ ಮೇಲೆ ಒಡೆಯುತ್ತದೆಂದು ಹಿಂದಿನ ದಿನವೇ ಹೇಳಲು ಇದೂ ಸಾಲದು.

ಇಲಾಖೆಯ ವರದಿಯ ಮಾತುಗಳಿಗೂ ನಿಗದಿತ ಅಳತೆಗಳಿವೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲುಭಾಗ ಮೀರದಷ್ಟು ಕಡೆ ಮಳೆಯಾದರೆ ‘ಒಂದೆರಡು ಕಡೆ’, ಮುಕ್ಕಾಲು ಭಾಗ ದಾಟಿದರೆ ‘ಬಹುತೇಕ ಕಡೆ’. ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ಅದು ‘ಭಾರಿ ಮಳೆ’. ಪ್ರತಿ ಚದರ ಮೀಟರ್ ನೆಲಕ್ಕೆ ಅರವತ್ತನಾಲ್ಕೂವರೆ ಲೀಟರ್ ನೀರು!

ಶೇಕಡಾವಾರು ಅಂಕಿಯ ನಿಜವಾದ ಬೆಲೆ ತಿಳಿಯುವುದು ಕೆಲಸಕ್ಕೆ ಇಳಿದಾಗ. ಅಡಿಕೆಗೆ ಕೊಳೆರೋಗ ತಗುಲದಂತೆ ಬೋರ್ಡೋ ದ್ರಾವಣ ಸಿಂಪಡಿಸಲು ಮರವೇರುವ ಕೊನೆಗಾರರನ್ನು ಕರೆಸಿರುವಾಗ ಶೇ. 30 ಕೂಡ ಯೋಚಿಸಬೇಕಾದ ಅಂಕಿ. ದ್ರಾವಣ ಅಡಿಕೆ ಗೊನೆಗೆ ಅಂಟಿ ಒಣಗುವ ಮೊದಲೇ ಮಳೆ ಹೊಡೆದರೆ ಔಷಧಿಯೂ ಕೂಲಿಯೂ ನೀರುಪಾಲು. ಪೇಟೆಗೆ ಹೋಗಿಬರುವವರಿಗೆ ಅದೇ ಅಂಕಿಗೆ ಒಂದು ಕೊಡೆ ಸಾಕು. ಎಷ್ಟು ಸಂಭವಕ್ಕೆ ಕೆಲಸ ಮುಂದೂಡಬೇಕೆಂಬುದನ್ನು ನಷ್ಟದ ಗಾತ್ರ ತೀರ್ಮಾನಿಸಬೇಕು. ಮುಂದಿನ ಎರಡು-ಮೂರು ತಾಸಿನ ಮಟ್ಟಿಗಂತೂ ಶೇಕಡಾವಾರು ಲೆಕ್ಕಕ್ಕಿಂತ ರೇಡಾರ್ ಚಿತ್ರವೇ ಮೇಲು: ಮೋಡ ಆಗಲೇ ಹುಟ್ಟಿರುತ್ತದೆ, ಅದು ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದೂ ಕಾಣುತ್ತದೆ.